ಒಂದೇ ಕೋಣೆಯ ಫ್ಲಾಟಿನಲ್ಲಿ ಒಪೆರಾ ಅಭ್ಯಾಸ: ಉಸಿರು, ಸ್ಟ್ರಾ, ತುತ್ತೊ

ಒಪೆರಾ ಎಂದರೆ ಜೋರಾಗಿ ಹಾಡುವುದು ಎಂದುಕೊಂಡವರು ಮೊದಲ ವಾರದಲ್ಲೇ ಗಂಟಲು ಕೆಡಿಸಿಕೊಳ್ಳುತ್ತಾರೆ, ಪಕ್ಕದ ಮನೆಯವರಿಂದ ಬೈಸಿಕೊಳ್ಳುತ್ತಾರೆ. ಮೈಕ್ ಇಲ್ಲದೆ ವಾದ್ಯವೃಂದವನ್ನು ದಾಟಿ ಬರುವ ದನಿಯ ಗುಟ್ಟು ಜೋರಿನಲ್ಲಿಲ್ಲ. ವಾದ್ಯವೃಂದದ ಬಲ ಹೆಚ್ಚಾಗಿ ಇರುವುದು ಸುಮಾರು 500 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಆಸುಪಾಸಿನಲ್ಲಿ. ಪಳಗಿದ ಗಂಡು ದನಿಯಲ್ಲಿ 3000 ಹರ್ಟ್ಸ್ ಹತ್ತಿರ ಬಲದ ಇನ್ನೊಂದು ದಿಬ್ಬ ಏಳುತ್ತದೆ. ಅಲ್ಲಿ ವಾದ್ಯಗಳ ಸದ್ದು ಕಡಿಮೆ, ನಮ್ಮ ಕಿವಿಯೋ ಅಲ್ಲೇ ಹೆಚ್ಚು ಚುರುಕು. ಸ್ವೀಡನ್ನಿನ ಧ್ವನಿವಿಜ್ಞಾನಿ ಯೋಹಾನ್ ಸುಂಡ್‌ಬೆರ್ಗ್ 1970ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು. ಸೊಪ್ರಾನೊ, ಅಂದರೆ ಹೆಂಗಸರ ಎತ್ತರದ ದನಿಯ ಲೆಕ್ಕ ಬೇರೆ. ಅಲ್ಲಿ ಸ್ವರ ಏರಿದ ಹಾಗೆ ಬಾಯಿ ತೆರೆದು ಬಾಯಿ-ಗಂಟಲಿನ ಅನುರಣನವನ್ನೇ ಸ್ವರಕ್ಕೆ ಹೊಂದಿಸುತ್ತಾರೆ. ಹೇಗೂ ಇರಲಿ, ಮುಂಬೈ ಪಕ್ಕದ ಡೊಂಬಿವಿಲಿಯ ಒಂದೇ ಕೋಣೆಯಲ್ಲಿ ಮಾತಿನ ಎತ್ತರದ ದನಿಯಲ್ಲೇ ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ಮೊದಲು ಉಸಿರು. ಇಟಾಲಿಯನ್ನರು ಇದನ್ನು ಅಪ್ಪೊಜ್ಜೊ ಎನ್ನುತ್ತಾರೆ, ಒರಗುವಿಕೆ ಅಂತ ಅರ್ಥ. ಎರಡೂ ಅಂಗೈಗಳನ್ನು ಕೆಳಪಕ್ಕೆಲುಬಿನ ಮೇಲಿಟ್ಟು ನಿಲ್ಲಿ. ಮೂಗಿನಿಂದ ನಾಲ್ಕು ಎಣಿಕೆ ಉಸಿರೆಳೆದುಕೊಳ್ಳಿ. ಕೈಗಳು ಪಕ್ಕಕ್ಕೆ ಸರಿಯಬೇಕು, ಭುಜ ಏಳಬಾರದು. ಈಗ ‘ಸ್ಸ್...’ ಎಂದು ಒಂದೇ ಸಮನೆ ಬಿಡಿ. ಮೊದಲಿಗೆ 15 ಸೆಕೆಂಡು ಸಾಕು, ತಿಂಗಳುಗಳಲ್ಲಿ 30ಕ್ಕೆ ಹೋಗಲಿ. ಹೆಚ್ಚಿನವರಿಗೆ ಆರೇಳನೇ ಸೆಕೆಂಡಿಗೇ ಎದೆಗೂಡು ಕುಸಿಯುತ್ತದೆ. ಕಾರಣ ಸರಳ: ತುಂಬಿದ ಶ್ವಾಸಕೋಶ ಎಳೆದ ರಬ್ಬರಿನಂತೆ, ತಾನಾಗಿಯೇ ಗಾಳಿಯನ್ನು ಹೊರದಬ್ಬುತ್ತದೆ. ಆಗ ದಬ್ಬುವುದಲ್ಲ, ತಡೆಯುವುದು ನಮ್ಮ ಕೆಲಸ; ಉಸಿರೆಳೆದುಕೊಂಡ ಸ್ನಾಯುಗಳೇ ಪಕ್ಕೆಲುಬನ್ನು ಹಿಡಿದಿಟ್ಟಿರಬೇಕು. ಗಾಳಿ ಕಡಿಮೆಯಾದ ಮೇಲಷ್ಟೇ ಹೊಟ್ಟೆಯ ಸ್ನಾಯುಗಳು ಒಳಗೆ ಬರಲಿ. ಕಪಾಲಭಾತಿ ರೂಢಿಯಿರುವವರು ಇಲ್ಲೇ ತಪ್ಪುತ್ತಾರೆ: ಶುರುವಿನಲ್ಲೇ ಹೊಟ್ಟೆ ಒಳಗೆಳೆಯುತ್ತಾರೆ, ಒತ್ತಡ ಏರುತ್ತದೆ, ಅದನ್ನು ತಡೆಯಲು ಗಂಟಲು ಬಿಗಿಯುತ್ತದೆ.

ಇದಾದ ಮೇಲೆ ಮೆಟ್ರೊನೋಮ್ (ತಾಳ ಎಣಿಸುವ ಯಂತ್ರ) ನಿಮಿಷಕ್ಕೆ 60 ಬಡಿತಕ್ಕಿಟ್ಟು 4 ಎಣಿಕೆ ಒಳಗೆ, 4 ಎಣಿಕೆ ತಡೆ, 4 ಎಣಿಕೆ ಹೊರಗೆ. ಸಲೀಸಾದಾಗ ಒಂದೊಂದು ಎಣಿಕೆ ಹೆಚ್ಚಿಸಿ. ತಡೆ ಅಂದರೆ ಗಂಟಲು ಮುಚ್ಚುವುದಲ್ಲ. ಪರೀಕ್ಷೆ ಬೇಕೆ? ತಡೆದಿರುವಾಗಲೇ ಇನ್ನೊಂದು ಗುಟುಕು ಗಾಳಿ ಎಳೆದು ನೋಡಿ. ಸದ್ದಿಲ್ಲದೆ ಒಳಗೆ ಬಂದರೆ ಗಂಟಲು ತೆರೆದಿದೆ. ‘ಟಕ್’ ಎಂದರೆ ಮುಚ್ಚಿತ್ತು ಎಂದೇ ಅರ್ಥ. ತಲೆ ಸುತ್ತಿದರೆ ನಿಲ್ಲಿಸಿ ಕುಳಿತುಕೊಳ್ಳಿ.

ದನಿ ಬಿಸಿ ಮಾಡಲು ಸ್ಟ್ರಾ. ಲೋಟದಲ್ಲಿ ಅರ್ಧ ನೀರು, ಸ್ಟ್ರಾ ಎರಡು ಮೂರು ಸೆಂಟಿಮೀಟರ್ ಮುಳುಗಿರಲಿ, ‘ಊ’ ಎನ್ನುತ್ತಾ ದನಿಯನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಿಸಿ. ಗುಳ್ಳೆ ನಿಲ್ಲಬಾರದು, ನಿಂತ ಜಾಗದಲ್ಲಿ ಉಸಿರು ಕಡಿದಿದೆ. ಬಾಯಿಯ ಹತ್ತಿರ ಏಳುವ ಹಿಮ್ಮುಖ ಒತ್ತಡದಿಂದ ಧ್ವನಿತಂತುಗಳು ಒಂದಕ್ಕೊಂದು ಬಡಿದುಕೊಳ್ಳದೆ ಮೆತ್ತಗೆ ಕೂಡುತ್ತವೆ. ದಿನಕ್ಕೆ ಐದು ನಿಮಿಷ, ರಾತ್ರಿ ಹನ್ನೊಂದಕ್ಕೆ ಮಾಡಿದರೂ ಯಾರಿಗೂ ಕೇಳಿಸದು. ಕಾಗದದ ಸ್ಟ್ರಾ ಬೇಗ ಮೆತ್ತಗಾಗಿ ಮುದುಡುತ್ತದೆ, ಸ್ಟೀಲಿನದು ವಾಸಿ.

ಸ್ವರಸಾಧನೆಗೆ ಹಾರ್ಮೋನಿಯಂ ಸಾಕು. ಶುದ್ಧ ಸ್ವರಗಳಲ್ಲಿ ಸರಿಗಮಪಮಗರಿಸ, ‘ಮಿ ಮೆ ಮಾ ಮೊ ಮು’ ಅಕ್ಷರಗಳ ಮೇಲೆ. ಒಂದು ಸುತ್ತು ಮುಗಿದೊಡನೆ ‘ಸ’ವನ್ನೇ ಹಾರ್ಮೋನಿಯಂನ ಪಕ್ಕದ ಮನೆಗೆ (ಕೀಲಿಗೆ), ಬಿಳಿ 1ರಿಂದ ಕಪ್ಪು 1ಕ್ಕೆ, ಸರಿಸಬೇಕು. ಹಿಂದೂಸ್ತಾನಿ ಕಲಿತ ಪುಣೆಯ ನಮ್ಮ ಮಂದಿಗೆ ಕಷ್ಟವಾಗುವುದು ಇದೇ, ಕದಲದ ಷಡ್ಜಕ್ಕೆ ಒಗ್ಗಿದ ಕಿವಿ ಅವರದು. ತಂಬೂರಿ ಆ್ಯಪ್ ಬಂದ್ ಮಾಡಿಬಿಡಿ.

ಗಂಡಸರಿಗೆ ಟೆನರ್ (ಎತ್ತರದ ದನಿ) ಆದರೆ ಮಧ್ಯ ಸಪ್ತಕದ ಬಿಳಿ 2ರಿಂದ ಬಿಳಿ 5ರೊಳಗೆ, ಬ್ಯಾರಿಟೋನ್ (ನಡುವಿನ ದನಿ) ಆದರೆ ಅದಕ್ಕಿಂತ ಸುಮಾರು ಮೂರು ಮನೆ ಕೆಳಗೆ, ದನಿ ಒಡೆಯುವ ಜಾಗವೊಂದು ಬರುತ್ತದೆ: ಪಸ್ಸಾಜ್ಜೊ. ನುಂಗಿದಾಗ ಮೇಲೇಳುವ ಗಂಟಲ ಗಂಟಿನ ಮೇಲೆ ಬೆರಳಿಡಿ. ಸ್ವರ ಏರಿದಂತೆ ಅದೂ ಏರಿದರೆ ಹಾಡು ಕಿರುಚಾಟವಾಗುತ್ತದೆ. ಗಂಟನ್ನು ಬೆರಳಿನಿಂದ ಒತ್ತಬೇಡಿ. ‘ಆ’ವನ್ನು ತುಸು ‘ಓ’ ಕಡೆಗೆ ವಾಲಿಸಿ, ಆಕಳಿಕೆಯ ಮೊದಲ ಕ್ಷಣದಂತೆ ಒಳಗೆ ಜಾಗ ಮಾಡಿ.

ಉಚ್ಚಾರದಲ್ಲಿ ಕನ್ನಡಿಗರಿಗೆ ಲಾಭವೇ ಹೆಚ್ಚು. ಇಟಾಲಿಯನ್ನಿನ ತ, ದ ನಮ್ಮವೇ. ನಾಲಿಗೆ ಹಲ್ಲಿಗೆ ತಾಗಬೇಕು. ಇಂಗ್ಲಿಷ್ ಮೂಲಕ ಬಂದವರು ‘ಟುಟೊ’ ಎನ್ನುತ್ತಾರೆ. ಅದು ‘ತುತ್ತೊ’, ಅನ್ನದ ತುತ್ತಿನ ಹಾಗೇ. ಅರ್ಥ, ಎಲ್ಲ. ಒತ್ತಕ್ಷರ ಬಿಟ್ಟರೆ ಅರ್ಥವೇ ಕೆಡುತ್ತದೆ: ನೋನೊ ಎಂದರೆ ಒಂಬತ್ತನೆಯದು, ನೊನ್ನೊ ಎಂದರೆ ಅಜ್ಜ. ಸೇತೆ ಬಾಯಾರಿಕೆ, ಸೆತ್ತೆ ಏಳು. ನಮ್ಮ ದೋಷ ಇರುವುದು ಪದದ ಮೊದಲಿನ ಎ, ಒ ಗಳಲ್ಲಿ. ‘ಎಲ್ಲಿ’ಯನ್ನು ‘ಯೆಲ್ಲಿ’ ಎನ್ನುವ ನಾಲಿಗೆ ಇಲ್ಲೂ ಯಕಾರ ಸೇರಿಸುತ್ತದೆ. ಕನ್ನಡಿ ಮುಂದೆ ನಿಂತು, ದವಡೆ ಕದಲಿಸದೆ ‘ಎ’ ಒಂದನ್ನೇ ನಾಲ್ಕು ಎಣಿಕೆ ಹಿಡಿಯಿರಿ.

ವೈಬ್ರಾಟೊ, ಅಂದರೆ ಹಿಡಿದ ಸ್ವರದ ಮೆಲು ಅಲೆ, ಅದರ ಹಿಂದೆ ಬೀಳಬೇಡಿ. ಸೆಕೆಂಡಿಗೆ ಐದಾರು ಸಲದ ಆ ಅಲೆ ಬಿಗಿ ಸಡಿಲಿದಾಗ ತಾನಾಗಿ ಬರುತ್ತದೆ. ಅದು ಗಮಕವಲ್ಲ, ದವಡೆ ಅಲುಗಿಸಿ ತಂದರೆ ನಡುಕವಷ್ಟೇ.

ಬಚ್ಚಲುಮನೆ ಮೋಸಗಾತಿ, ಎಂಥ ದನಿಯನ್ನೂ ಚೆಂದ ಮಾಡುತ್ತದೆ. ಬಟ್ಟೆ ತುಂಬಿದ ಕಪಾಟು ತೆರೆದು ಅದರ ಮುಂದೆ ಹಾಡಿ, ಫೋನನ್ನು ಎರಡು ಮೀಟರ್ ದೂರವಿಟ್ಟು ರೆಕಾರ್ಡ್ ಮಾಡಿ. ಸನಿಹವಿಟ್ಟರೆ ದನಿ ಒಡೆಯುತ್ತದೆ, ಫೋನು ಏರಿಳಿತವನ್ನೂ ತಟ್ಟಿ ಸಪಾಟು ಮಾಡುತ್ತದೆ. ಮೈಕಿಲ್ಲದ ದನಿ ಕೋಣೆ ತುಂಬುವುದು ಹೇಗೆಂದು ತಿಳಿಯಲು, 1993ರಲ್ಲಿ ಮುಚ್ಚಿ 2016ರಲ್ಲಿ ಮತ್ತೆ ತೆರೆದ ಮುಂಬೈನ ಗಿರ್‌ಗಾಂವಿನ ರಾಯಲ್ ಒಪೆರಾ ಹೌಸ್‌ನಲ್ಲೋ ನಾರಿಮನ್ ಪಾಯಿಂಟಿನ ಎನ್‌ಸಿಪಿಎ (ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರ) ರಂಗಮಂದಿರದಲ್ಲೋ ಇಂಥ ಕಛೇರಿ ಇದ್ದಾಗ ಕೊನೆಯ ಸಾಲಿನ ಟಿಕೆಟ್ಟೇ ತೆಗೆದುಕೊಳ್ಳಿ.

ಪೂರ್ತಿ ದನಿಯ ಹಾಡಿಕೆ ಆರಂಭದಲ್ಲಿ ದಿನಕ್ಕೆ 20 ನಿಮಿಷ ಮೀರದಿರಲಿ, ಊಟವಾಗಿ ಎರಡು ತಾಸು ಕಳೆದಿರಲಿ. ಮುಗಿಸಿದ ಮೇಲೆ ಮೆಲ್ಲಗೆ ‘ಹೂಂ’ ಎನ್ನಿ. ಮೊದಲಿನಷ್ಟೇ ನುಣುಪಾಗಿದ್ದರೆ ಸರಿ. ಗೊರಗೊರ ಎಂದರೆ ನಾಳೆ ಮೇಲಿನ ಎರಡು ಮನೆ ಬಿಟ್ಟು ಹಾಡಿ. ಎರಡು ವಾರವಾದರೂ ದನಿ ಒಡಕಾಗಿಯೇ ಉಳಿದರೆ ಸಾಧನೆ ನಿಲ್ಲಿಸಿ ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಿ.