ಬಾಯಿಪಾಠ ಬರುತ್ತದೆ, ಅಕ್ಷರ ಗುರುತಾಗುವುದಿಲ್ಲ

‘ಅ’ಯಿಂದ ‘ಳ’ವರೆಗೆ ಎಡವದೆ ಒಪ್ಪಿಸುವ ಒಂದನೇ ತರಗತಿಯ ಮಗುವಿಗೆ ನಡುವಿನ ‘ದ’ ಒಂದನ್ನೇ ತೋರಿಸಿದರೆ ತಬ್ಬಿಬ್ಬಾಗುತ್ತದೆ. ಮೊದಲಿನಿಂದ ರಾಗವಾಗಿ ಹೇಳಿಕೊಂಡು ಬಂದು ‘ದ’ ತಲುಪುತ್ತದೆ. ಇಂಥ ಮಗುವಿಗೆ ಇಡೀ ವರ್ಣಮಾಲೆಯನ್ನು ಮತ್ತೆ ಮತ್ತೆ ತಿದ್ದಿಸಿದರೆ ಕೈ ನೋಯುತ್ತದೆ, ಅಷ್ಟೆ.

ಮೊದಲು ತೊಡಕು ಎಲ್ಲಿದೆ ನೋಡಿ. ಹತ್ತು ಚೀಟಿಗಳಲ್ಲಿ ಒಂದೊಂದು ಅಕ್ಷರ ಬರೆದು ಕಲಸಿಡಿ. ನೀವು ‘ಗ’ ಎಂದಾಗ ಸರಿಯಾದ ಚೀಟಿ ಎತ್ತಿಕೊಡುವ ಮಗು, ಅದೇ ಚೀಟಿ ತೋರಿಸಿದಾಗ ಹೆಸರು ಹೇಳಲು ತಡವರಿಸಿದರೆ ಗುರುತು ಇದೆ, ನೆನಪು ಇನ್ನೂ ಗಟ್ಟಿಯಾಗಿಲ್ಲ. ಎರಡೂ ಬಂದು ಬರೆಯಲು ಮಾತ್ರ ಬಾರದಿದ್ದರೆ ತೊಡಕು ಕೈಯದು. ಓದಿಸುವುದನ್ನು ಅದಕ್ಕಾಗಿ ನಿಲ್ಲಿಸಬೇಡಿ, ಮರಳಿನಲ್ಲೋ ಸ್ಲೇಟಿನಲ್ಲೋ ದೊಡ್ಡದಾಗಿ ಬರೆಸಿ. ‘ಮನೆ, ಮಳೆ, ಗಿಡ’ದಲ್ಲಿ ಬೇರೆ ಸದ್ದಿನಿಂದ ಶುರುವಾಗುವುದು ಯಾವುದೆಂದು ಹೇಳಲಾಗದಿದ್ದರೆ ಒಂದೆರಡು ವಾರ ಅಕ್ಷರ ಬದಿಗಿಟ್ಟು, ಚಪ್ಪಾಳೆ ತಟ್ಟುತ್ತಾ ಮ-ರ, ಬಾ-ಳೆ ಎಂದು ಪದ ಬಿಡಿಸುವ ಆಟವನ್ನೇ ಆಡಿಸಿ.

ವರ್ಣಮಾಲೆಯ ಕ್ರಮ ವ್ಯಾಕರಣಕ್ಕೆ ಚೆಂದ, ಕಲಿಯುವ ಮಗುವಿಗೆ ಭಾರ. ಎಲ್ಲ ಚಾರ್ಟುಗಳಲ್ಲೂ ‘ಋ’ಗೆ ಋಷಿ ಕೂತಿರುತ್ತಾನೆ, ಮಗು ಆ ಅಕ್ಷರವನ್ನು ಬೇರೆಲ್ಲೂ ಕಾಣುವುದೇ ಅಪರೂಪ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಆಡಿಸುತ್ತಾ ಕಲಿಸುವ ‘ನಲಿಕಲಿ’ ಪದ್ಧತಿ ‘ರ ಗ ಸ ದ ಅ’ದಿಂದ ಹೊರಡುವುದು ಇದಕ್ಕೇ. ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ಗರಗಸ ಓದಲು ಸಿಗುತ್ತವೆ. ಒಮ್ಮೆಗೆ ಎರಡು ಮೂರು ಅಕ್ಷರ, ದಿನಕ್ಕೆರಡು ಬಾರಿ ಹತ್ತು ಹತ್ತು ನಿಮಿಷ ಸಾಕು. ಮರುದಿನ ಬೆಳಿಗ್ಗೆ ಕಲಸಿ ತೋರಿಸಿದರೂ ತಡವರಿಸದೆ ಹೇಳಿದರೆ ಮುಂದಿನದಕ್ಕೆ ಹೋಗಿ.

ಹೆಚ್ಚು ಕೆಡುವುದು ಒಂದೇ ಥರ ಕಾಣುವ ಅಕ್ಷರಗಳಲ್ಲಿ: ವ-ಪ-ಷ-ಮ, ದ-ಧ-ಥ, ರ-ಠ, ಬ-ಭ. ಇವನ್ನು ಒಟ್ಟಿಗೆ ಕಲಿಸಬೇಡಿ. ‘ರ’ ಗಟ್ಟಿಯಾಗಿ ವಾರವಾದ ಮೇಲೆ ‘ಠ’ ಪಕ್ಕಕ್ಕಿಡಿ. ಒಳಗಿನ ಚುಕ್ಕೆಯನ್ನು ಮಗುವೇ ಹುಡುಕಿ ತೋರಿಸಲಿ. ಮಹಾಪ್ರಾಣಗಳನ್ನು ಕೊನೆಗಿಡಿ. ಅನೇಕ ಮನೆಗಳ ಮಾತಿನಲ್ಲಿ ಬ-ಭ ಒಂದೇ ಥರ ಕೇಳುವುದರಿಂದ ಅಲ್ಲಿ ಕಿವಿಯ ನೆರವು ಸಿಗದು. ಹಾಲಿಗೆ ‘ಆಲು’ ಎನ್ನುವ ಮನೆಯ ಮಗು ಹ-ಅ ಅದಲುಬದಲು ಮಾಡುವುದಕ್ಕೂ ಕಾರಣ ಇಂಥದ್ದೇ. ಅದಕ್ಕೆ ಬೈಯಬೇಡಿ, ಚಿತ್ರದ ಜೊತೆ ಇಡೀ ಪದ ತೋರಿಸಿ.

ಕಾಗುಣಿತವನ್ನೂ ‘ಕ ಕಾ ಕಿ ಕೀ’ ಎಂದು ಸಾಲಾಗಿ ಹಾಡಿಸುವ ಬದಲು ಒಂದೇ ಚಿಹ್ನೆ ಹಿಡಿಯಿರಿ. ಗೊತ್ತಿರುವ ಅಕ್ಷರಕ್ಕೆ ಇಳಿ ಕೊಟ್ಟರೆ ದಾರ, ರಾಗ, ಸಾಗರ. ಆಮೇಲೆ ಗುಡಿಸು ಕೊಟ್ಟರೆ ಗರಿ, ಸರಿ, ಗಿರಿ. ಕೊಂಬಿಗೆ ಬಂದಾಗ ‘ಪು’, ‘ವು’ಗಳನ್ನು ಬೇರೆಯಾಗಿಯೇ ಹೇಳಿಕೊಡಿ. ಅವುಗಳ ಕೊಂಬು ಕೆಳಗಿಳಿದು ಕೂರುತ್ತದೆ; ಮೇಲೆ ಬರೆದರೆ ‘ವು’ ‘ಮ’ದಂತೆಯೇ ಕಾಣುತ್ತದೆ. ಕಾಗುಣಿತ, ಒತ್ತಕ್ಷರ ಪೂರ್ತಿ ಕೈಗೆ ಹತ್ತಲು ಮೂರ್ನಾಲ್ಕನೇ ತರಗತಿವರೆಗೆ ಹಿಡಿಯುವುದು ಸಹಜ.

ಕಣ್ಣು, ಕಿವಿ ತಪಾಸಣೆ ಮಾತ್ರ ಈಗಲೇ ಮಾಡಿಸಿ. ಡಿಸ್ಲೆಕ್ಸಿಯಾ (ಓದು-ಬರಹ ಕಲಿಯುವುದರಲ್ಲಿ ಬರುವ ತೊಂದರೆ) ಎಂದು ಖಚಿತಪಡಿಸಲು ತಜ್ಞರು ಸಾಮಾನ್ಯವಾಗಿ ಎಂಟರ ವಯಸ್ಸಿನವರೆಗೆ ಕಾಯುತ್ತಾರೆ, ಆದರೆ ಕಲಿಕೆಯ ನೆರವು ಅಲ್ಲಿಯವರೆಗೆ ಕಾಯಬೇಕಿಲ್ಲ. ಮೂರು ತಿಂಗಳು ಹೀಗೆ ಕಲಿಸಿದರೂ ಹತ್ತು ಅಕ್ಷರ ನಿಲ್ಲದಿದ್ದರೆ ಮಕ್ಕಳ ಮನೋತಜ್ಞರನ್ನು ಕಾಣಿ. ಹೋಗುವಾಗ ಮಗುವಿನ ನೋಟ್‌ಬುಕ್ಕನ್ನೂ, ಯಾವ ಅಕ್ಷರಕ್ಕೆ ಏನೆಂದು ಹೇಳಿತು ಎಂಬ ದಿನವಾರು ಟಿಪ್ಪಣಿಯನ್ನೂ ಒಯ್ಯಿರಿ.