ಆಯಿಲ್ ಫಿಲ್ಟರ್ ಯಾವಾಗ ಬದಲಿಸಬೇಕು? ಬೈಪಾಸ್ ವಾಲ್ವ್ ಅರ್ಥವಾದ ಮೇಲೆ ಬರೆದ ಟಿಪ್ಪಣಿ

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಎಂಜಿನ್ ಆಯಿಲ್ ಬದಲಿಸಿದಾಗಲೆಲ್ಲ ಫಿಲ್ಟರ್ ಕೂಡ ಬದಲಿಸಬೇಕು. ನಮ್ಮಲ್ಲಿ ಓಡುವ ಮಾರುತಿ, ಹುಂಡೈ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ನಿಮ್ಮ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ.

ಪರೀಕ್ಷೆಗೆ ಇಷ್ಟು ಸಾಕು. ವೈವಾದಲ್ಲಿ "ಯಾಕೆ?" ಅಂತ ಕೇಳಿದರೆ ಸಾಲದು. ಮೋಟಾರ್ ಮೆಕ್ಯಾನಿಕ್ ಟ್ರೇಡ್ ಕಲಿಯುತ್ತಿರುವವರಿಗೆ, ಸ್ವಂತ ಕಾರಿನ ಸಣ್ಣಪುಟ್ಟ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಆ "ಯಾಕೆ" ಬೇಕೇ ಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಆಯಿಲ್ ಹೋಗುವ ದಾರಿ

ಎಂಜಿನ್ನಿನ ತಳದ ಚೇಂಬರ್‌ನಲ್ಲಿರುವ ಆಯಿಲ್ ಅನ್ನು ಪಂಪ್ ಜಾಲರಿ ಮೂಲಕ ಎಳೆಯುತ್ತದೆ, ಫಿಲ್ಟರ್‌ಗೆ ತಳ್ಳುತ್ತದೆ. ಅಲ್ಲಿಂದ ಮೇನ್ ಗ್ಯಾಲರಿ (ಎಂಜಿನ್ನಿನೊಳಗಿನ ಆಯಿಲ್‌ನ ಮುಖ್ಯ ಕಾಲುವೆ), ಕ್ರ್ಯಾಂಕ್ ಬೇರಿಂಗ್, ಕ್ಯಾಮ್, ಆಮೇಲೆ ವಾಪಸ್ ಚೇಂಬರ್. ಡಬ್ಬಿ ಥರ ಇರುವ ಫಿಲ್ಟರ್‌ನ ಬಾಯಿ ನೋಡಿ. ಸುತ್ತ ಸಣ್ಣ ತೂತುಗಳಿವೆ, ನಡುವೆ ಥ್ರೆಡ್ ಇರುವ ದೊಡ್ಡ ತೂತಿದೆ. ಕೊಳೆ ಆಯಿಲ್ ಸುತ್ತಲಿನ ತೂತುಗಳಿಂದ ಒಳಗೆ ಹೋಗಿ, ಮಡಿಕೆ ಮಡಿಕೆಯಾದ ಪೇಪರ್ ದಾಟಿ, ನಡುವಿನ ತೂತಿನಿಂದ ಹೊರಗೆ ಬರುತ್ತದೆ.

ಫಿಲ್ಟರ್ ಕಟ್ಟಿಕೊಂಡರೆ ಏನಾಗುತ್ತದೆ?

ನನ್ನ ತಲೆಗೆ ಬೇಗ ಹತ್ತದೇ ಇದ್ದದ್ದು ಇದೊಂದೇ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಫಿಲ್ಟರ್ ಪೂರ್ತಿ ಕಟ್ಟಿಕೊಂಡರೆ ಏನಾಗುತ್ತದೆ ಅಂತ ಕ್ಲಾಸಿನಲ್ಲಿ ಕೇಳಿದರೆ ಮುಕ್ಕಾಲು ಜನ ಹೇಳುವ ಉತ್ತರ, "ಆಯಿಲ್ ಮುಂದೆ ಹೋಗಲ್ಲ, ಎಂಜಿನ್ ಸೀಜ್ ಆಗುತ್ತೆ." ಕೇಳಲು ಸರಿಯಾಗಿಯೇ ಇದೆ. ಆದರೆ ಹಾಗೆ ಆಗಬಾರದು ಅಂತಲೇ ಬೈಪಾಸ್ ವಾಲ್ವ್, ಅಂದರೆ ಫಿಲ್ಟರ್ ಪೇಪರ್ ಬಿಟ್ಟು ಪಕ್ಕದ ದಾರಿ ತೆರೆಯುವ ವಾಲ್ವ್, ಇಟ್ಟಿರುವುದು. ಕೆಲವು ಕಾರುಗಳಲ್ಲಿ ಅದು ಫಿಲ್ಟರ್ ಡಬ್ಬಿಯೊಳಗೇ ಇರುತ್ತದೆ, ಕೆಲವದರಲ್ಲಿ ಎಂಜಿನ್ ಕಡೆ ಇರುತ್ತದೆ.

ಇದನ್ನೂ ಪಂಪ್ ಹತ್ತಿರದ ರಿಲೀಫ್ ವಾಲ್ವ್ ಅನ್ನೂ ಒಂದೇ ಅಂದುಕೊಂಡರೆ ಮುಂದಿನದ್ದೆಲ್ಲ ಗೋಜಲು. ರಿಲೀಫ್ ವಾಲ್ವ್ ಕೆರೆಯ ಕೋಡಿ ಇದ್ದ ಹಾಗೆ. ಒತ್ತಡ ಮಿತಿ ಮೀರಿದರೆ ಹೆಚ್ಚಾದ ಆಯಿಲ್ ಅನ್ನು ಎಂಜಿನ್‌ಗೆ ಕಳಿಸದೆ ಹಿಂದಕ್ಕೇ ಬಿಟ್ಟುಬಿಡುತ್ತದೆ. ಬೈಪಾಸ್ ವಾಲ್ವ್ ಆಯಿಲ್ ಅನ್ನು ಎಂಜಿನ್‌ಗೇ ಕಳಿಸುತ್ತದೆ, ಸೋಸದೆ ಕಳಿಸುತ್ತದೆ ಅಷ್ಟೇ. ಇನ್ನೊಂದು ವಿಷಯ. ರಿಲೀಫ್ ವಾಲ್ವ್ ನೋಡುವುದು ಒಟ್ಟು ಒತ್ತಡವನ್ನು. ಬೈಪಾಸ್ ನೋಡುವುದು ಫಿಲ್ಟರ್‌ಗೆ ಮುಂಚಿನ ಒತ್ತಡಕ್ಕೂ ನಂತರದ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು. ಈ "ವ್ಯತ್ಯಾಸ" ಅನ್ನುವ ಮಾತು ಹಿಡಿದುಕೊಂಡರೆ ಉಳಿದದ್ದು ತಾನಾಗಿಯೇ ಬರುತ್ತದೆ.

ಲೆಕ್ಕಕ್ಕೆ ಅಂತ ಕೆಲವು ಅಂಕಿ ಇಟ್ಟುಕೊಳ್ಳೋಣ. ಬೈಪಾಸ್ 1 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ವ್ಯತ್ಯಾಸಕ್ಕೆ ತೆರೆಯುತ್ತದೆ ಅಂದುಕೊಳ್ಳಿ.

ಹೊಸ ಫಿಲ್ಟರ್, ಬಿಸಿ ಎಂಜಿನ್: ಮುಂಚೆ 4 ಬಾರ್, ನಂತರ 3.8. ವ್ಯತ್ಯಾಸ 0.2. ವಾಲ್ವ್ ಮುಚ್ಚಿಯೇ ಇರುತ್ತದೆ, ಅಷ್ಟೂ ಆಯಿಲ್ ಪೇಪರ್ ದಾಟಿಯೇ ಹೋಗುತ್ತದೆ.

ಅದೇ ಹೊಸ ಫಿಲ್ಟರ್, ಚಳಿಗಾಲದ ಬೆಳಗ್ಗೆ: ಆಯಿಲ್ ಮಂದವಾಗಿದೆ, ಪೇಪರ್ ದಾಟಲು ಕಷ್ಟಪಡುತ್ತದೆ. ವ್ಯತ್ಯಾಸ 1 ಬಾರ್ ಮುಟ್ಟಿದರೆ ವಾಲ್ವ್ ಸ್ವಲ್ಪ ತೆರೆಯುತ್ತದೆ, ಬಿಸಿಯಾದ ಮೇಲೆ ಮುಚ್ಚಿಕೊಳ್ಳುತ್ತದೆ. ಇದು ದೋಷವಲ್ಲ.

ಕೊಳೆ ತುಂಬಿದ ಫಿಲ್ಟರ್, ಬಿಸಿ ಎಂಜಿನ್, ಜೋರು ಓಟ: ಮುಂಚೆ 4 ಬಾರ್. ಪೇಪರ್ ಕಟ್ಟಿಕೊಂಡಿರುವುದರಿಂದ ವ್ಯತ್ಯಾಸ ಏರುತ್ತಾ 1 ಬಾರ್ ಮುಟ್ಟುತ್ತದೆ, ವಾಲ್ವ್ ತೆರೆಯುತ್ತದೆ. ನಂತರ ಸುಮಾರು 3 ಬಾರ್. ಒಂದಷ್ಟು ಆಯಿಲ್ ಪೇಪರ್ ಮೂಲಕ, ಉಳಿದದ್ದು ಸೋಸದೆ ನೇರವಾಗಿ ಬೇರಿಂಗ್‌ಗೆ.

ಈಗ ಡ್ಯಾಶ್‌ಬೋರ್ಡ್‌ನ ಕೆಂಪು ಆಯಿಲ್ ಲೈಟ್ ನೆನಪಿಸಿಕೊಳ್ಳಿ. ಅದು ಹೊತ್ತಿಕೊಳ್ಳುವುದು ಒತ್ತಡ ಸುಮಾರು 0.3ರಿಂದ 0.5 ಬಾರ್‌ಗಿಂತ ಕೆಳಗೆ ಬಿದ್ದಾಗ. ಇಲ್ಲಿ 3 ಬಾರ್ ಇದೆ. ಲೈಟ್ ಹೊತ್ತುವುದಿಲ್ಲ. ಶಬ್ದ ಇಲ್ಲ, ಹೊಗೆ ಇಲ್ಲ, ಪಿಕಪ್ ಕಮ್ಮಿಯಾಗುವುದಿಲ್ಲ. ಫಿಲ್ಟರ್ ಕೆಲಸ ಅರ್ಧ ನಿಲ್ಲಿಸಿದ್ದರೂ ಗಾಡಿ ಓಡಿಸುವವರಿಗೆ ಒಂದು ಸುಳಿವೂ ಸಿಗುವುದಿಲ್ಲ.

ನನಗೆ ಇಡೀ ವಿಷಯ ಕೂತದ್ದು ಇಲ್ಲೇ. ಬ್ರೇಕ್ ಪ್ಯಾಡ್ ಸವೆದರೆ ಶಬ್ದ ಮಾಡುತ್ತದೆ, ವೈಪರ್ ಹಾಳಾದರೆ ಗಾಜಿನ ಮೇಲೆ ಗೆರೆ ಕಾಣುತ್ತದೆ. ಆಯಿಲ್ ಫಿಲ್ಟರ್ ಏನೂ ಹೇಳುವುದಿಲ್ಲ. ಅದಕ್ಕೇ ಕಿಲೋಮೀಟರ್, ತಾರೀಖು ನೋಡಿ ಬದಲಿಸಬೇಕು. ಕೆಟ್ಟಾಗ ನೋಡೋಣ ಅನ್ನುವ ಹಾಗೇ ಇಲ್ಲ.

"ಹಳೇ ಫಿಲ್ಟರ್ ಚೆನ್ನಾಗಿ ಸೋಸುತ್ತೆ" ಅನ್ನುವ ವಾದ

ಈ ವಾದದಲ್ಲಿ ಅರ್ಧ ನಿಜ ಇದೆ. ಪೇಪರ್ ಮೇಲೆ ಕೊಳೆ ಕೂತಷ್ಟೂ ತೂತುಗಳು ಕಿರಿದಾಗಿ, ಇನ್ನೂ ಸಣ್ಣ ಕಣಗಳೂ ಸಿಕ್ಕಿಬೀಳುತ್ತವೆ. ಆದರೆ ಅದೇ ಕಾರಣಕ್ಕೆ ವ್ಯತ್ಯಾಸವೂ ಏರುತ್ತದೆ, ಕೊನೆಗೆ ಬೈಪಾಸ್ ತೆರೆಯುತ್ತದೆ. ಸೋಸುವ ಗುಣ ಹೆಚ್ಚಾದರೂ ಆಯಿಲ್ ಅದರೊಳಗೆ ಹೋಗದಿದ್ದರೆ ಏನು ಬಂತು?

ಆಯಿಲ್ ಕಪ್ಪಾಗಿದೆ ಅಂದರೆ ಫಿಲ್ಟರ್ ಹೋಗಿದೆ ಅಂತಲೂ ಅಲ್ಲ. ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಬೇಗನೇ ಕಪ್ಪಾಗುತ್ತದೆ. ಮಸಿಯ ಕಣ ಒಂದು ಮೈಕ್ರಾನ್‌ಗಿಂತ ಸಣ್ಣದು, ಯಾವ ಪೇಪರ್ ಫಿಲ್ಟರಿಗೂ ಸಿಗುವುದಿಲ್ಲ. ಫಿಲ್ಟರ್ ಚೆನ್ನಾಗಿ ಹಿಡಿಯುವುದು 20ರಿಂದ 40 ಮೈಕ್ರಾನ್ ಆಸುಪಾಸಿನ ಮತ್ತು ಅದಕ್ಕಿಂತ ದಪ್ಪ ಕಣಗಳನ್ನು. ತಲೆಕೂದಲು ಸುಮಾರು 70 ಮೈಕ್ರಾನ್ ಅಂದರೆ ಅಂದಾಜು ಸಿಗುತ್ತದೆ.

ಹಳೇ ಫಿಲ್ಟರ್ ಒಂದನ್ನು ಬಿಚ್ಚಿ ನೋಡಿ

ಓದಿದ್ದಕ್ಕಿಂತ ಇದು ಹೆಚ್ಚು ಕಲಿಸುತ್ತದೆ. ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯಬೇಡಿ, ಕಬ್ಬಿಣದ ಪುಡಿ ಒಳಗೆ ಬಿದ್ದು ಎಂಜಿನ್ನಿನ ಚೂರು ಯಾವುದು, ಡಬ್ಬಿಯ ಚೂರು ಯಾವುದು ಗೊತ್ತಾಗುವುದಿಲ್ಲ. ಬಾಯಿಯ ಅಂಚಿನ ಮಡಿಕೆಯನ್ನು ಅರದಿಂದ ಉಜ್ಜಿ ತೆಳ್ಳಗೆ ಮಾಡಿ, ಹೊರಗಿನ ಪುಡಿ ಒರೆಸಿ, ಆಮೇಲೆ ಪ್ಲೇಟ್ ಎಬ್ಬಿಸಿ.

ಮೊದಲು ಸಿಗುವುದು ರಬ್ಬರ್ ಬಿಲ್ಲೆ. ಎಂಜಿನ್ ನಿಂತಾಗ ಫಿಲ್ಟರಿನ ಆಯಿಲ್ ವಾಪಸ್ ಇಳಿದುಹೋಗದ ಹಾಗೆ ತಡೆಯುವುದು ಇದೇ. ಇದು ಬಿರುಸಾಗಿದ್ದರೆ, ಅದರಲ್ಲೂ ಫಿಲ್ಟರ್ ಅಡ್ಡ ಅಥವಾ ತಲೆಕೆಳಗಾಗಿ ಕೂರುವ ಎಂಜಿನ್‌ನಲ್ಲಿ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಟಕಟಕ ಶಬ್ದ ಬರುತ್ತದೆ. ಅದರ ಕೆಳಗೆ ಪೇಪರ್, ತಳದಲ್ಲಿ ಸ್ಪ್ರಿಂಗ್. ವಾಲ್ವ್ ಒಳಗೇ ಇರುವ ಫಿಲ್ಟರ್ ಆದರೆ ಸಣ್ಣ ಸ್ಪ್ರಿಂಗ್ ಇರುವ ಬಿಲ್ಲೆ ಕಾಣುತ್ತದೆ. ಬೆರಳಿನಿಂದ ಒತ್ತಿ ನೋಡಿ, ಮೆತ್ತಗೆ ಒಳಗೆ ಹೋಗುತ್ತದೆ. ಇಷ್ಟು ಹೊತ್ತು ಬರೆದ 1 ಬಾರ್ ಬೆರಳ ತುದಿಗೆ ಸಿಗುತ್ತದೆ.

ಪೇಪರ್ ಕತ್ತರಿಸಿ, ಬಟ್ಟೆಯಲ್ಲಿ ಸುತ್ತಿ ವೈಸ್‌ನಲ್ಲಿ ಹಿಂಡಿ, ಬಿಸಿಲಿನಲ್ಲಿ ಹರಡಿ. ಕರೀ ಗಟ್ಟಿ ಚೂರು ಕಾರ್ಬನ್. ರಬ್ಬರಿನ ಹಾಗೆ ಎಳೆದರೆ ಹಿಗ್ಗುವುದು ಯಾರೋ ಧಾರಾಳವಾಗಿ ಹಚ್ಚಿದ ಗ್ಯಾಸ್ಕೆಟ್ ಪೇಸ್ಟ್. ಮ್ಯಾಗ್ನೆಟ್ಟಿಗೆ ಅಂಟುವ ಹೊಳಪು ಕಬ್ಬಿಣ. ತಾಮ್ರದ ಬಣ್ಣದ ಚೂರು ಕಂಡರೆ ಬೇರಿಂಗ್ ಬಗ್ಗೆ ಯೋಚಿಸಬೇಕು.

ಕಿಲೋಮೀಟರನ್ನು ಗಂಟೆ ಮಾಡಿಕೊಳ್ಳಿ

ಇದು ನನಗೆ ತುಂಬಾ ಇಷ್ಟವಾದ ಅಡ್ಡದಾರಿ. ಟ್ರ್ಯಾಕ್ಟರ್, ಜೆಸಿಬಿ, ಜನರೇಟರ್ ಇರುವ ಮನೆಯವರಿಗೆ ಇದು ಹೊಸತಲ್ಲ. ಅಲ್ಲಿ ಅವರ್ ಮೀಟರ್ ನೋಡಿಯೇ ಆಯಿಲ್ ಬದಲಿಸುವುದು, ಹಲವು ಟ್ರ್ಯಾಕ್ಟರ್‌ಗಳಿಗೆ 250 ಗಂಟೆ. ಕಾರಿನಲ್ಲಿ ಅವರ್ ಮೀಟರ್ ಇಲ್ಲದಿದ್ದರೂ ಸರಾಸರಿ ವೇಗ ತೋರಿಸುವ ಟ್ರಿಪ್ ಮೀಟರ್ ಈಗ ಎಷ್ಟೋ ಕಾರುಗಳಲ್ಲಿ ಇದೆ. ಓಡಿದ ಕಿಲೋಮೀಟರನ್ನು ಸರಾಸರಿ ವೇಗದಿಂದ ಭಾಗಿಸಿದರೆ ಎಂಜಿನ್ ಓಡಿದ ಗಂಟೆ ಸಿಗುತ್ತದೆ.

ಹುಬ್ಬಳ್ಳಿ–ಬೆಂಗಳೂರು ಹೈವೇಯಲ್ಲೇ ಜಾಸ್ತಿ ಓಡುವ ಕಾರು. ಸರಾಸರಿ 50 ಅಂದರೆ 10,000 ಕಿ.ಮೀ.ಗೆ 200 ಗಂಟೆ. ಬೆಂಗಳೂರಿನೊಳಗೆ ಸಿಲ್ಕ್ ಬೋರ್ಡ್, ಹೆಬ್ಬಾಳ ಅಂತ ದಿನಾ ಸಿಕ್ಕಿಹಾಕಿಕೊಳ್ಳುವ ಕಾರಿಗೆ ಸರಾಸರಿ 15 ಅಂದರೆ ಅದೇ 10,000ಕ್ಕೆ 667 ಗಂಟೆ. ಓಡೋಮೀಟರ್ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ, ಎರಡನೇ ಕಾರಿನ ಎಂಜಿನ್ ದುಡಿದದ್ದು ಮೂರು ಪಟ್ಟಿಗಿಂತ ಜಾಸ್ತಿ!

ಐಡ್ಲಿಂಗ್‌ನ ಒಂದು ಗಂಟೆ, ಘಾಟಿ ಹತ್ತುವ ಒಂದು ಗಂಟೆ ಎರಡೂ ಸಮ ಅಲ್ಲ, ನಿಜ. ಹಾಗಾಗಿ ಟ್ರ್ಯಾಕ್ಟರಿನ 250 ಅನ್ನು ಕಾರಿಗೆ ತಂದು ಹಾಕಬೇಡಿ. ಈ ಲೆಕ್ಕವನ್ನು ನಾನು ಬಳಸುವುದು ಒಂದೇ ತೀರ್ಮಾನಕ್ಕೆ. ಕಾರಿನ ಪುಸ್ತಕದಲ್ಲಿ ಮಾಮೂಲಿ ಓಟಕ್ಕೆ ಒಂದು ಪಟ್ಟಿ, ಕಠಿಣ ಓಟಕ್ಕೆ ಇನ್ನೊಂದು ಪಟ್ಟಿ ಇರುತ್ತದೆ. ಧೂಳು, ನಿಂತು ನಿಂತು ಹೋಗುವ ಟ್ರಾಫಿಕ್, ಎಂಜಿನ್ ಬಿಸಿಯಾಗುವ ಮೊದಲೇ ಮುಗಿಯುವ ಸಣ್ಣ ಓಡಾಟ ಇವೆಲ್ಲ ಎರಡನೆಯದರಲ್ಲಿ ಬರುತ್ತವೆ. ಸರಾಸರಿ ವೇಗ 20ರ ಕೆಳಗೆ ಇದ್ದರೆ ನಾನು ಕಣ್ಣು ಮುಚ್ಚಿಕೊಂಡು ಎರಡನೇ ಪಟ್ಟಿ ಹಿಡಿಯುತ್ತೇನೆ. ಅದರಲ್ಲಿ ಅವಧಿ ಹೆಚ್ಚಾಗಿ ಅರ್ಧಕ್ಕೆ ಇಳಿದಿರುತ್ತದೆ.

ಮಾರ್ಕೆಟ್‌ಗೆ ಮಾತ್ರ ಹೋಗಿಬರುವ ಕಾರಿಗೂ ವರ್ಷದ ಮಿತಿ ಬಿಡಬಾರದು. ಪೂರ್ತಿ ಬಿಸಿಯಾಗದ ಎಂಜಿನ್‌ನಲ್ಲಿ ನೀರಿನ ಅಂಶ, ಪೆಟ್ರೋಲ್ ಅಂಶ ಆವಿಯಾಗದೆ ಆಯಿಲ್‌ನಲ್ಲೇ ಉಳಿಯುತ್ತವೆ. ಸಂಡೂರಿನ ಕೆಂಪು ಧೂಳಿನಲ್ಲಿ ಓಡುವವರು ಏರ್ ಫಿಲ್ಟರ್ ಕೂಡ ನೋಡಿ. ಅದು ಸೋತರೆ ಧೂಳು ಸಿಲಿಂಡರ್ ದಾಟಿ ಆಯಿಲ್‌ಗೇ ಸೇರುವುದು.

ಒಂದು ಸಲ ಬಿಟ್ಟು ಒಂದು ಸಲ?

ಅಮೆರಿಕದ ಹೋಂಡಾ ಕಾರುಗಳಲ್ಲಿ ಸರ್ವಿಸ್ ಬಂದಾಗ ಡ್ಯಾಶ್‌ಬೋರ್ಡ್‌ನಲ್ಲಿ ಅಕ್ಷರ ಬರುತ್ತದೆ. "ಎ" ಅಂದರೆ ಆಯಿಲ್ ಮಾತ್ರ, "ಬಿ" ಅಂದರೆ ಆಯಿಲ್ ಜೊತೆ ಫಿಲ್ಟರ್. ಕಂಪನಿಯೇ ಹಾಗೆ ಹೇಳಿದಾಗ ಸರಿ. ಹೇಳದ ಕಡೆ ನಾವು ಉಳಿಸುವುದು ಏನು? ಸಣ್ಣ ಪೆಟ್ರೋಲ್ ಕಾರಿನ ಫಿಲ್ಟರ್ ಆಯಿಲ್ ಬೆಲೆಯ ಮುಂದೆ ಏನೇನೂ ಅಲ್ಲ. ಮೂರು ಲೀಟರ್ ಹಿಡಿಯುವ ಎಂಜಿನ್‌ನ ಫಿಲ್ಟರ್‌ನಲ್ಲಿ ಕಾಲು ಲೀಟರ್ ಹಳೇ ಆಯಿಲ್ ಉಳಿದರೆ ಶೇ. 8ರಷ್ಟು ಕೊಳೆ ಆಯಿಲ್ ಹೊಸದಕ್ಕೆ ಬೆರೆಯಿತು. ಪುಸ್ತಕದಲ್ಲಿ ಆಯಿಲ್ ಅಳತೆ "ಫಿಲ್ಟರ್ ಸಮೇತ", "ಫಿಲ್ಟರ್ ಬಿಟ್ಟು" ಅಂತ ಎರಡು ಕೊಟ್ಟಿರುವುದು ಇದಕ್ಕೇ.

ತರುವಾಗ, ಹಾಕುವಾಗ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಯಾವ ಫಿಲ್ಟರ್ ಕೇಳಿದರೂ ಸಿಗುತ್ತದೆ. ಥ್ರೆಡ್ ಕೂತಿತು ಅಂತ ತರಬೇಡಿ. ಒಂದೇ ಥ್ರೆಡ್ ಎಷ್ಟೋ ಕಾರುಗಳಿಗೆ ಬರುತ್ತದೆ. ಒಳಗಿನ ಬೈಪಾಸ್ ಬೇರೆ ಒತ್ತಡಕ್ಕೆ ತೆರೆಯುವುದಾಗಿರಬಹುದು, ಅಥವಾ ಒಳಗೆ ವಾಲ್ವೇ ಇಲ್ಲದಿರಬಹುದು. ಪಾರ್ಟ್ ನಂಬರ್ ಹೇಳಿಯೇ ತನ್ನಿ.

ಹಳೆಯದನ್ನು ಬಿಚ್ಚಿದ ಮೇಲೆ ಅದರ ರಬ್ಬರ್ ರಿಂಗ್ ಡಬ್ಬಿಯ ಜೊತೆಗೇ ಬಂತಾ ಅಂತ ನೋಡಿ. ಎಂಜಿನ್ನಿಗೆ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸ ರಿಂಗ್ ಕೂತರೆ ಆಯಿಲ್ ಸೋರಿಹೋಗುತ್ತದೆ. ಹೊಸ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿ. ಕೈಯಲ್ಲೇ ತಿರುಗಿಸಿ, ರಿಂಗ್ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು. ಡಬ್ಬಿಯ ಮೇಲೆ ಬೇರೆ ಬರೆದಿದ್ದರೆ ಅಷ್ಟು. ಪೇಪರ್ ಮಾತ್ರ ಬದಲಿಸುವ ಥರದ್ದಾದರೆ ಜೊತೆಗೆ ಬಂದ ಓ-ರಿಂಗ್ ತಪ್ಪದೆ ಹಾಕಿ.

ಸ್ಟಾರ್ಟ್ ಮಾಡಿ, ರೇಸ್ ಮಾಡದೆ ಆಯಿಲ್ ಲೈಟ್ ಆರುವುದನ್ನು ಕಾಯಿರಿ. ಕೆಳಗೆ ಸೋರಿಕೆ ನೋಡಿ, ಆಫ್ ಮಾಡಿ, ಸ್ವಲ್ಪ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಹೊಸ ಫಿಲ್ಟರ್ ತುಂಬಿಕೊಂಡಿರುವುದರಿಂದ ಲೆವೆಲ್ ಇಳಿದಿರುತ್ತದೆ, ಬೇಕಾದಷ್ಟು ಸೇರಿಸಿ. ಫಿಲ್ಟರ್ ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ ತಾರೀಖು, ಕಿಲೋಮೀಟರ್ ಎರಡೂ ಬರೆಯಿರಿ. ಮುಂದಿನ ಸಲ ಬಾನೆಟ್ ಎತ್ತುವವರು ನೀವೇ ಆಗಿರಬೇಕಿಲ್ಲ.