ರೇಡಿಯೊ ಪ್ರತಿಕ್ರಮ

ಎರಡನೇ ಮಹಾಯುದ್ಧದ ಬ್ರಿಟಿಷ್ ವಾಯುಪಡೆಯಲ್ಲಿ ‘ರೇಡಿಯೊ ಪ್ರತಿಕ್ರಿಯೆ ದಳ’ ಇತ್ತೆಂದು ಮತ್ತೊಮ್ಮೆ ಓದಿದೆ. ಶತ್ರುವಿನ ರಾಡಾರ್, ರೇಡಿಯೊಗಳನ್ನು ಎದುರಿಸುವ ‘ರೇಡಿಯೊ ಕೌಂಟರ್‌ಮೆಷರ್ಸ್’ಗೆ ಮಾಡಿದ ಅನುವಾದ ಅದು. ಹಿಂದೊಮ್ಮೆ ‘ಪ್ರತಿ-ಅಳತೆ’ ಎಂದೂ ಓದಿದ್ದೆ. ಅದಕ್ಕೆ ಹೋಲಿಸಿದರೆ ಇದೇ ವಾಸಿ.

ಇಂಗ್ಲಿಷಿನ ‘ಮೆಷರ್’ಗೆ ಅಳತೆ ಎಂಬರ್ಥ ಇದೆ, ಸರಿ. ಸರ್ಕಾರ ಆಗಾಗ ‘ಕಠಿಣ ಕ್ರಮ’ ಕೈಗೊಳ್ಳುತ್ತದಲ್ಲ, ಆ ಕ್ರಮವೂ ಅದೇ ಮೆಷರ್. ನಮ್ಮ ‘ಕ್ರಮ’ದ ಮೂಲ ಸಂಸ್ಕೃತದ ‘ಕ್ರಮ್’ ಧಾತು, ಹೆಜ್ಜೆಯಿಡು ಎಂದು. ವಾಮನ ತ್ರಿವಿಕ್ರಮನಾದದ್ದೂ ಆ ಹೆಜ್ಜೆಗಳಿಂದಲೇ. ಎದುರಾಳಿಯ ಹೆಜ್ಜೆ ನೋಡಿಕೊಂಡು ನಾವಿಡುವ ಹೆಜ್ಜೆ ಪ್ರತಿಕ್ರಮ. ‘ಕ್ರಿಯೆ’ ಬಂದದ್ದು ‘ಕೃ’ ಧಾತುವಿನಿಂದ. ಬಿಸಿ ಪಾತ್ರೆ ತಾಗಿದೊಡನೆ ಕೈ ತಾನಾಗಿ ಹಿಂದೆ ಬರುವುದು ಪ್ರತಿಕ್ರಿಯೆ. ಪ್ರತಿಕ್ರಮ ತಾನಾಗಿ ಆಗುವಂಥದ್ದಲ್ಲ.

ಪ್ರತಿಕ್ರಮ ಎಂದರೆ ಜಾಮಿಂಗ್, ಅಂದರೆ ಗದ್ದಲದ ತರಂಗ ಹರಿಸಿ ಎದುರಾಳಿಯ ಸಂಕೇತ ಕೆಡಿಸುವುದು, ಎಂದುಕೊಂಡವರು ಇನ್ನೂ ಹೆಚ್ಚು. ನಾರ್ಫೋಕ್‌ನ ಫೌಲ್ಷಮ್‌ನಿಂದ ಹಾರುತ್ತಿದ್ದ 192ನೇ ಸ್ಕ್ವಾಡ್ರನ್ನಿನ ಮುಖ್ಯ ಕೆಲಸ ಕಿವಿಗೊಡುವುದು, ಜರ್ಮನ್ ರಾಡಾರ್, ರೇಡಿಯೊಗಳ ಸಂಕೇತ ಪತ್ತೆ ಹಚ್ಚುವುದು. 1943ರ ಜುಲೈ 24ರ ರಾತ್ರಿ ಹ್ಯಾಂಬರ್ಗ್ ದಾಳಿಯಲ್ಲಿ ಮೊದಲ ಬಾರಿಗೆ ಚೆಲ್ಲಿದ ‘ವಿಂಡೋ’ಗಂತೂ ಟ್ರಾನ್ಸ್‌ಮಿಟರೇ ಬೇಡ. ಅಲ್ಯೂಮಿನಿಯಂ ಹಾಳೆ ಅಂಟಿಸಿದ ಕಾಗದದ ಪಟ್ಟಿ, ಉದ್ದ ಸುಮಾರು 27 ಸೆಂ.ಮೀ. ಜರ್ಮನ್ನರ ವುರ್ಟ್ಸ್‌ಬುರ್ಗ್ ರಾಡಾರಿನ ತರಂಗದ ಉದ್ದ ಸುಮಾರು 53 ಸೆಂ.ಮೀ., ಪಟ್ಟಿ ಅದರ ಅರ್ಧ, ಹಾಗಾಗಿ ಆ ತರಂಗವನ್ನು ಜೋರಾಗಿ ಮರಳಿಸುತ್ತದೆ. ರಾಡಾರ್ ಪರದೆಯಲ್ಲಿ ಕಾಗದ ಯಾವುದು, ವಿಮಾನ ಯಾವುದು ತಿಳಿಯಲಿಲ್ಲ. ಹೊರಟ 791 ವಿಮಾನಗಳಲ್ಲಿ ಮರಳದವು 12. ಎಂಜಿನ್ ಬಳಿ ಮೈಕ್ ಇಟ್ಟು ಅದರ ಆರ್ಭಟವನ್ನೇ ಜರ್ಮನ್ನರ ಮಾತಿನ ಮೇಲೆ ಹರಿಯಬಿಡುತ್ತಿದ್ದ ‘ಟಿನ್ಸೆಲ್’ ಇದೆಯಲ್ಲ, ಅದು ಅಪ್ಪಟ ಜಾಮಿಂಗ್.

ಲಿಂಕನ್‌ಷೈರ್‌ನ ಲಡ್‌ಫರ್ಡ್ ಮ್ಯಾಗ್ನಾದ 101ನೇ ಸ್ಕ್ವಾಡ್ರನ್ನಿನ ಕಥೆಯಲ್ಲಿ ಎಲ್ಲವೂ ಕಲಸುಮೇಲೋಗರ. 1943ರ ಅಕ್ಟೋಬರಿನಿಂದ ಅದರ ಲ್ಯಾಂಕಾಸ್ಟರ್ ಬಾಂಬರ್‌ಗಳಲ್ಲಿ ಎಂದಿನ ಏಳು ಜನರ ಜೊತೆಗೆ ಜರ್ಮನ್ ಬಲ್ಲ ಎಂಟನೆಯವನೊಬ್ಬ ಕೂರುತ್ತಿದ್ದ. ಅವನು ಶತ್ರು ಪೈಲಟ್‌ಗಳಿಗೆ ಸುಳ್ಳು ಆಜ್ಞೆ ಕೂಗುತ್ತಿದ್ದನೆಂದು ಬರೆಯುತ್ತಾರೆ. ಆ ಸುಳ್ಳು ಹೇಳುತ್ತಿದ್ದವರು ನೆಲದ ಮೇಲೆ, ಕೆಂಟ್‌ನ ಕಿಂಗ್ಸ್‌ಡೌನ್‌ನಲ್ಲಿ ಕೂತಿದ್ದರು. ಆ ಕಾರ್ಯಾಚರಣೆಯ ಹೆಸರು ‘ಕರೋನಾ’ (ಹೌದು, ನಮಗೆ ಬೇರೆಯೇ ನೆನಪು). ಎಂಟನೆಯವನಿಗೆ ಭಾಷೆ ಬೇಕಿದ್ದದ್ದು ಗುರುತಿಗೆ. ಕಿವಿಗೆ ಬಿದ್ದದ್ದು ಪೈಲಟ್‌ಗಳಿಗೆ ನೆಲದಿಂದ ದಾರಿ ಹೇಳುವ ಜರ್ಮನ್ ನಿಯಂತ್ರಕನ ದನಿಯೇ ಎಂದು ಖಾತ್ರಿಯಾದರೆ ಟ್ರಾನ್ಸ್‌ಮಿಟರನ್ನು ಅದೇ ಆವರ್ತನಕ್ಕೆ ತಿರುಗಿಸಿ ಗದ್ದಲ ಹಚ್ಚುತ್ತಿದ್ದ.

ಇಂಥ ಕೆಲಸಕ್ಕೆಂದೇ 1943ರ ನವೆಂಬರಿನಲ್ಲಿ ಹಲವು ಸ್ಕ್ವಾಡ್ರನ್‌ಗಳ 100ನೇ ಗ್ರೂಪ್ ಕಟ್ಟಿದರು. 101 ಮಾತ್ರ 1ನೇ ಗ್ರೂಪಿನಲ್ಲೇ ಉಳಿದು, ಗದ್ದಲದ ಪೆಟ್ಟಿಗೆಯ ಜೊತೆಗೆ ಬಾಂಬನ್ನೂ ಹೊತ್ತಿತು. ಅದನ್ನು ‘ಜಾಮಿಂಗ್ ದಳ’ ಅಂದರೂ ಅರ್ಧವೇ ಸರಿ.